ಮೂರ್ಛೆರೋಗ: ಮುಚ್ಚಿಟ್ಟಷ್ಟೂ ಅಪಾಯ ಜಾಸ್ತಿ

ಫಿಟ್ಸ್ ಬರುವವರು ಮದುವೆ ಆಗಬಹುದಾ? ಮಾತ್ರೆ ಯಾವಾಗ ಬಿಡಬಹುದು? ತಲೆಗೆ ಸ್ನಾನ ಮಾಡಬಹುದಾ? ಮನೆಯ ಹಿರಿಯರು ಒಂದು ಹೇಳುತ್ತಾರೆ, ಡಾಕ್ಟರ್ ಇನ್ನೊಂದು, ವಾಟ್ಸ್‌ಆ್ಯಪ್ ಮತ್ತೊಂದು. ಈ ಗೋಜಲಿಗೆ ಹಳೆಯ ಕಾರಣಗಳಿವೆ.

ಔಷಧದ ಕಥೆ ಚಿಕ್ಕದು. 1857ರಲ್ಲಿ ಬ್ರೋಮೈಡ್ ಬಂತು, 1912ರಲ್ಲಿ ಫಿನೊಬಾರ್ಬಿಟಾಲ್, 1938ರಲ್ಲಿ ಫೆನಿಟಾಯಿನ್, 1960ರ ದಶಕದಲ್ಲಿ ವ್ಯಾಲ್ಪ್ರೊಯೇಟ್. ಸರಿಯಾದ ಚಿಕಿತ್ಸೆ ಸಿಕ್ಕರೆ ಹತ್ತರಲ್ಲಿ ಏಳು ಜನ ಫಿಟ್ಸ್ ಇಲ್ಲದೆ ಬದುಕಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಗ್ಗದ ಹಳೇ ಮಾತ್ರೆಗಳಿಂದಲೇ ಹಳ್ಳಿಗಳಲ್ಲೂ ರೋಗ ಹತೋಟಿಗೆ ತರಬಹುದು ಎಂದು ನಮ್ಮ ಯಳಂದೂರಿನಲ್ಲಿ ನಡೆದ ಅಧ್ಯಯನ ತೋರಿಸಿಕೊಟ್ಟಿತು.

ಮದ್ದು ಇದ್ದೂ ಗುಟ್ಟು ಉಳಿಯಿತು. ಅದಕ್ಕೆ ಕಾನೂನೂ ಒಂದು ಕಾರಣ. 1976ರ ತಿದ್ದುಪಡಿ ಹಿಂದೂ ವಿವಾಹ ಕಾಯ್ದೆಯಲ್ಲಿ ಹುಚ್ಚಿನ ಪಕ್ಕದಲ್ಲೇ ಮೂರ್ಛೆರೋಗವನ್ನೂ ಸೇರಿಸಿತು. ಪದೇ ಪದೇ ಫಿಟ್ಸ್ ಬರುವವರ ಮದುವೆ ರದ್ದು ಮಾಡಿಸಲು ಕೋರ್ಟಿಗೆ ಹೋಗಬಹುದಿತ್ತು. ಮಾತ್ರೆಯಲ್ಲಿ ಹತೋಟಿಗೆ ಬರುವ ಕಾಯಿಲೆಗೆ ಇದು ತೀರಾ ಕಠಿಣ ಅಲ್ವಾ? 1999ರ ಕೊನೆಯಲ್ಲಿ ಆ ಪದವನ್ನು ತೆಗೆದುಹಾಕಿದರು. ಮನೆಗಳಲ್ಲಿ ಭಯ ಮಾತ್ರ ಹೋಗಲಿಲ್ಲ.

ಮದುವೆ ವಾರದಲ್ಲಿ ಏನಾಗುತ್ತದೆ ನೋಡಿ. ಹುಡುಗಿಯ ಮಾತ್ರೆಗಳು ಸೂಟ್‌ಕೇಸಿನಲ್ಲಿ ಸೀರೆಗಳ ಅಡಿಯಲ್ಲಿ ಇರುತ್ತವೆ. ಚಪ್ಪರ, ಧಾರೆ, ಬೀಗರೂಟ ಅಂತ ನಿದ್ದೆ ಇಲ್ಲ. ಗಂಡನ ಮನೆಯಲ್ಲಿ ಎಲ್ಲರ ಮುಂದೆ ಮಾತ್ರೆ ನುಂಗುವಂತಿಲ್ಲ. ನಿದ್ದೆಗೇಡು, ತಪ್ಪಿದ ಮಾತ್ರೆ, ಎರಡೂ ಫಿಟ್ಸ್ ತರಿಸುತ್ತವೆ. ಅದೂ ಒಲೆಯ ಮುಂದೆಯೋ ಬಾವಿಕಟ್ಟೆಯಲ್ಲೋ ಬಂದರೆ? ದಿಢೀರನೆ ಮಾತ್ರೆ ಬಿಟ್ಟವರಿಗೆ ಒಂದರ ಹಿಂದೆ ಒಂದು ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು.

ಬಸಿರಿನ ವಿಷಯವೂ ಇಲ್ಲೇ ಸಿಕ್ಕಿಕೊಳ್ಳುತ್ತದೆ. ವ್ಯಾಲ್ಪ್ರೊಯೇಟ್ ಮಗುವಿನ ಬೆನ್ನುಹುರಿಗೂ ಬುದ್ಧಿ ಬೆಳವಣಿಗೆಗೂ ತೊಂದರೆ ಮಾಡಬಹುದು. ಬೆನ್ನುಹುರಿ ರೂಪುಗೊಳ್ಳುವುದು ಮೊದಲ ಕೆಲವೇ ವಾರಗಳಲ್ಲಿ. ಹಾಗಾಗಿ ಔಷಧ ಬದಲಿಸುವುದು, ಫೋಲಿಕ್ ಆಮ್ಲ ಶುರು ಮಾಡುವುದು ಎಲ್ಲ ಗರ್ಭ ನಿಲ್ಲುವ ಮೊದಲೇ ಆಗಬೇಕು. ಗುಟ್ಟು ಮಾಡಿದ ಮನೆಯಲ್ಲಿ ಆ ಮಾತು ಎತ್ತುವವರು ಯಾರು?

ಸ್ನಾನದ ಭಯಕ್ಕೆ ಮಾತ್ರ ಆಧಾರವಿದೆ. ಹಂಡೆಯ ಬಿಸಿನೀರನ್ನು ಚೊಂಬಿನಲ್ಲಿ ಮೊಗೆದು ಒಂದೇ ಸಮನೆ ತಲೆಗೆ ಹುಯ್ದುಕೊಂಡಾಗ ಕೆಲವರಿಗೆ ಫಿಟ್ಸ್ ಬರುತ್ತದೆ. ಬೆಂಗಳೂರು, ಮೈಸೂರು ಸೀಮೆಯ ವೈದ್ಯರು ಇದನ್ನು ದಶಕಗಳಿಂದ ಗುರುತಿಸುತ್ತಾ ಬಂದಿದ್ದಾರೆ. ಉಗುರುಬೆಚ್ಚಗಿನ ನೀರು ಬಳಸಿದರೆ, ತಲೆಗೆ ಸುರಿದುಕೊಳ್ಳದೆ ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡರೆ ಎಷ್ಟೋ ಜನಕ್ಕೆ ಸಾಕಾಗುತ್ತದೆ. ಇನ್ನು ಕೆಲವರಿಗೆ ತಲೆಸ್ನಾನಕ್ಕೆ ಮುಂಚೆ ಒಂದು ಮಾತ್ರೆ ಬರೆದುಕೊಡುತ್ತಾರೆ. ಬಚ್ಚಲಿನ ಚಿಲಕ ಹಾಕದಿರುವುದು ಎಲ್ಲರಿಗೂ ಒಳ್ಳೆಯದು.

ಇನ್ನೊಂದು ಅಪಾಯದ ಬಗ್ಗೆ ಆಸ್ಪತ್ರೆಗಳಲ್ಲೂ ಮಾತು ಕಡಿಮೆ. ಮೂರ್ಛೆರೋಗವಿರುವ ಸಾವಿರ ವಯಸ್ಕರಲ್ಲಿ ವರ್ಷಕ್ಕೆ ಸುಮಾರು ಒಬ್ಬರು ಹಠಾತ್ತಾಗಿ ತೀರಿಕೊಳ್ಳುತ್ತಾರೆ, ಹೆಚ್ಚಾಗಿ ನಿದ್ದೆಯಲ್ಲಿ. ಮೈಯೆಲ್ಲ ಸೆಟೆದು ಅದುರುವ ಫಿಟ್ಸ್ ಹತೋಟಿಗೆ ಬಾರದವರಿಗೆ ಈ ಅಪಾಯ ಜಾಸ್ತಿ, ಹತೋಟಿಗೆ ಬಂದಷ್ಟೂ ಕಡಿಮೆ. ಹೆದರಿಸಬಾರದು ಅಂತ ಸುಮ್ನಿದ್ದರೆ ಮನೆಯವರಿಗೆ ಇದು ಗೊತ್ತಾಗುವುದೇ ಇಲ್ಲ. ಫಿಟ್ಸ್ ಎಷ್ಟು ಸಲ ಬಂತು, ನಿದ್ದೆಯಲ್ಲಿ ಬಂತಾ, ಯಾವ ದಿನ ಮಾತ್ರೆ ತಪ್ಪಿತು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಲ ಡಾಕ್ಟರಿಗೆ ಅದನ್ನು ತೋರಿಸಿ, ಈ ಅಪಾಯದ ಬಗ್ಗೆ ನೀವೇ ಬಾಯಿಬಿಟ್ಟು ಕೇಳಿ.