ಕೋಟೆಯ ಬಾಣಗಿಂಡಿ: ಹೊರಗೆ ಸೀಳು, ಒಳಗೆ ಗೂಡು

ಕಾನೂನಿನಲ್ಲಿ ನುಣುಚಿಕೊಳ್ಳುವ ಸಂದಿಗೆ ಇವತ್ತು ‘ಲೂಪ್‌ಹೋಲ್’ ಎನ್ನುತ್ತೇವೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ‘ಲೂಪ್’ ಎಂದರೆ ಕೋಟೆಗೋಡೆಯ ಕಿರಿದಾದ ಕಿಂಡಿ. ನೋಡುವುದಕ್ಕೂ ಬಾಣ ಬಿಡುವುದಕ್ಕೂ ಅದೇ. ಕುಣಿಕೆ ಎಂಬ ಅರ್ಥದ ಲೂಪ್ ಬೇರೆಯೇ ಪದ. ಹೊಂಚಿ ನೋಡು ಎಂಬ ಅರ್ಥದ ಹಳೆಯ ಡಚ್ ಕ್ರಿಯಾಪದ ಇದರ ಮೂಲವಿರಬಹುದು ಎಂದು ನಿಘಂಟುಕಾರರು ಊಹಿಸುತ್ತಾರೆ. ತಪ್ಪಿಸಿಕೊಳ್ಳುವ ದಾರಿ ಎಂಬ ಅರ್ಥ ಸೇರಿದ್ದು 17ನೇ ಶತಮಾನದಲ್ಲಿ.

ಕಿಂಡಿಯ ನಿಜವಾದ ಜಾಣ್ಮೆ ಹೊರಗಿನಿಂದ ಕಾಣುವುದೇ ಇಲ್ಲ. 2 ಮೀಟರ್ ದಪ್ಪದ ಗೋಡೆಯಲ್ಲಿ 5 ಸೆಂ.ಮೀ. ಅಗಲದ ಸೀಳನ್ನು ನೇರವಾಗಿ ಕೊರೆದರೆ, ಒಳತುದಿಯ ನಡುವೆ ನಿಂತವನಿಗೆ 50 ಮೀಟರ್ ದೂರದಲ್ಲಿ ಕಾಣುವುದು ಬರೀ 1.3 ಮೀಟರ್ ಅಗಲದ ಪಟ್ಟಿ. ಅದಕ್ಕಾಗಿ ಗೋಡೆಯ ಒಳಮೈಯನ್ನು ಓರೆಯಾಗಿ ಕಡಿದು, ಸೀಳಿನ ಕಡೆಗೆ ಕಿರಿದಾಗುತ್ತ ಹೋಗುವ ಗೂಡು ಮಾಡುತ್ತಿದ್ದರು. ಗೂಡಿನ ಬಾಯಿ 45 ಡಿಗ್ರಿ ತೆರೆದಿದ್ದರೆ, ಒಳಗಿನವನು ಅತ್ತಿತ್ತ ಸರಿದು ಅದೇ ದೂರದಲ್ಲಿ ಸುಮಾರು 40 ಮೀಟರ್ ಅಗಲವನ್ನು ಕಾಯಬಹುದು. ಹೊರಗಿನ ಶತ್ರುವಿಗೆ ಗುರಿ ಮಾತ್ರ ಅದೇ 5 ಸೆಂ.ಮೀ.

ತೊಂದರೆಗಳೂ ಇದ್ದವು. 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಯುದ್ಧನೌಕೆ ‘ಮೇರಿ ರೋಸ್’ನಲ್ಲಿ ಸಿಕ್ಕ ಉದ್ದಬಿಲ್ಲುಗಳು ಸರಾಸರಿ 2 ಮೀಟರ್ ಆಸುಪಾಸಿನವು. ಅಂಥ ಬಿಲ್ಲನ್ನು ಎತ್ತಿ ಹಿಡಿದರೆ ಮೇಲ್ತುದಿ ನೆಲದಿಂದ 2.4 ಮೀಟರ್‌ವರೆಗೆ ಹೋಗುತ್ತದೆ. ಗೂಡಿನ ಕಮಾನು ತಗ್ಗಾಗಿದ್ದರೆ ತಗಲುತ್ತದೆ. ಅಡ್ಡಬಿಲ್ಲಿಗೆ ಎತ್ತರ ಬೇಡ, ಅಗಲ ಬೇಕು. ಇನ್ನೊಂದು ಕಷ್ಟ ಬಾಣದ್ದೇ: ಹೆದೆಯ ತಳ್ಳಿಗೆ ಅದು ಬಾಗಿ, ಮೊದಲ ಕೆಲವು ಮೀಟರ್ ಎಡಬಲಕ್ಕೆ ತೊನೆಯುತ್ತ ಸಾಗುತ್ತದೆ. ಸೀಳು ತೀರ ಇಕ್ಕಟ್ಟಾದರೆ ಕಲ್ಲಂಚಿಗೆ ಬಡಿದು ದಿಕ್ಕು ತಪ್ಪುತ್ತದೆ. ಗೋಡೆಯ ಬುಡಕ್ಕೆ ಬಂದವನ ಮೇಲೆ ಬಾಣ ಬಿಡಲೆಂದು ಸೀಳಿನ ಕೆಳತುದಿಯನ್ನು ಮೀನಿನ ಬಾಲದ ಹಾಗೆ ಅಗಲಿಸಿ, ಅಡಿಗಲ್ಲನ್ನು ಹೊರಕ್ಕೆ ಇಳಿಜಾರು ಮಾಡುತ್ತಿದ್ದರು. ಶಿಲುಬೆ ಆಕಾರದ ಕಿಂಡಿಯ ಅಡ್ಡಸೀಳು ಪಕ್ಕಕ್ಕೆ ಗುರಿ ಹಿಡಿಯಲು ಅನುಕೂಲ.

ಗೂಡು ಕಡಿದಲ್ಲಿ ಗೋಡೆ ತೆಳುವಾಗುವುದು ಖಂಡಿತ. ಬುರುಜಿನ ಅಂತಸ್ತುಗಳಲ್ಲಿ ಕಿಂಡಿಗಳು ಒಂದರ ನೇರ ಮೇಲೆ ಒಂದು ಬಂದರೆ ಬಿರುಕು ಅದೇ ಸಾಲಿನಲ್ಲಿ ಓಡುತ್ತದೆ. ಬಲ್ಲ ಕಲ್ಲುಕುಟಿಗರು ಅವನ್ನು ಅಂತಸ್ತಿನಿಂದ ಅಂತಸ್ತಿಗೆ ಪಕ್ಕಕ್ಕೆ ಸರಿಸಿದರು. ಒಂದು ಕಿಂಡಿಗೆ ಕಾಣದ ಜಾಗ ಇನ್ನೊಂದಕ್ಕೆ ಕಾಣುವಂತಾಯಿತು, ಅದು ಹೆಚ್ಚಿನ ಲಾಭ.

ಸಿಸಿಲಿಯ ಗ್ರೀಕ್ ನಗರ ಸಿರಾಕ್ಯೂಸ್‌ಗೆ ಕ್ರಿ.ಪೂ. 214ರಲ್ಲಿ ಆರಂಭವಾದ ರೋಮನ್ನರ ಮುತ್ತಿಗೆಯ ವೇಳೆ ಆರ್ಕಿಮಿಡೀಸ್ ಗೋಡೆಯಲ್ಲಿ ಆಳೆತ್ತರಕ್ಕೆ, ಹೊರಗೆ ಅಂಗೈ ಅಗಲದ ಕಿಂಡಿಗಳನ್ನು ಇಡಿಸಿದ ಎಂದು ಗ್ರೀಕ್ ಇತಿಹಾಸಕಾರ ಪೊಲಿಬಿಯಸ್ ಬರೆದಿದ್ದಾನೆ. ಇಂಗ್ಲೆಂಡಿನಲ್ಲಿ ಅವು 12ನೇ ಶತಮಾನದ ಕೊನೆಗೆ ಡೋವರ್, ಫ್ರಾಮ್ಲಿಂಗಮ್ ಕೋಟೆಗಳಲ್ಲಿ ಕಾಣಿಸಿಕೊಂಡವು. ಈ ಕಲೆಯ ಶಿಖರವೆಂದರೆ, ನನ್ನ ಮಟ್ಟಿಗೆ, ವೇಲ್ಸ್‌ನಲ್ಲಿ 1283ರಲ್ಲಿ ಕಟ್ಟಲು ಶುರುವಾದ ಕಾರ್ನಾರ್‌ವನ್ ಕೋಟೆ. ಅಲ್ಲಿ ಕೆಲವೆಡೆ ಒಳಗಿನ ಹಲವು ದಾರಿಗಳು ಹೊರಗೆ ಒಂದೇ ಸೀಳಿಗೆ ಕೂಡುತ್ತವೆ. ಒಬ್ಬ ಬಾಣ ಹೂಡುವಷ್ಟರಲ್ಲಿ ಇನ್ನೊಬ್ಬ ಬಿಡಬಹುದಿತ್ತು. ಹೊರಗಿನವನಿಗೆ ಒಳಗೆ ಎಷ್ಟು ಜನರಿದ್ದಾರೆಂದು ತಿಳಿಯುತ್ತಿರಲಿಲ್ಲ.

ಕಿಂಡಿ ಪೂರ್ತಿ ರಕ್ಷೆಯೇನೂ ಅಲ್ಲ. ವೇಲ್ಸ್‌ನದೇ ವೈಟ್ ಕ್ಯಾಸಲ್‌ನಲ್ಲಿ ಬಿಲ್ಲುಗಾರರಿಂದ ಪ್ರಯೋಗ ಮಾಡಿಸಿದಾಗ ಹೊರಗಿನಿಂದ ಬಿಟ್ಟ ಬಾಣಗಳೂ ಒಳನುಗ್ಗಿದವು. ಬಂದೂಕು ಬಂದ ಮೇಲೆ ಆಕಾರವೇ ಬದಲಾಯಿತು: ಇಂಗ್ಲೆಂಡಿನ ಕ್ಯಾಂಟರ್ಬರಿ ನಗರದ, 1380ರ ಸುಮಾರಿನ ಪಶ್ಚಿಮ ದ್ವಾರದಲ್ಲಿ ಕೆಳಗೆ ನಳಿಗೆಗೆ ದುಂಡು ತೂತು, ಮೇಲೆ ಗುರಿ ನೋಡಲು ಗಿಡ್ಡ ಸೀಳು.