ಬ್ರಿಟಿಷ್ ಸರಣಿ ನೋಡಬೇಕು, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಅಮೆರಿಕದ ಸರಣಿಗಳನ್ನು ನೋಡಿ ನೋಡಿ ಸಾಕಾಗಿದೆ. ಬ್ರಿಟಿಷ್ ಸರಣಿಗಳು ಚೆನ್ನಾಗಿರುತ್ತವೆ ಅಂತ ಸ್ನೇಹಿತರು ಹೇಳುತ್ತಾರೆ. ಹುಡುಕಿದರೆ ರಾಶಿ ಹೆಸರು ಬರುತ್ತವೆ. ನನಗೆ ರಾತ್ರಿ ಊಟ ಆದ ಮೇಲೆ ಒಂದು ಗಂಟೆ ಸಿಕ್ಕರೆ ಜಾಸ್ತಿ. ಯಾವುದನ್ನು ನೋಡಲಿ, ಯಾವುದನ್ನು ಬಿಡಲಿ?

ಉತ್ತರ: 'ಯೆಸ್ ಮಿನಿಸ್ಟರ್'ನಿಂದ ಶುರು ಮಾಡಿ. ಕಾರಣ ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಒಂದು ಗಂಟೆಯ ವಿಷಯ.

ಬ್ರಿಟಿಷ್ ಟಿವಿ ಸಮಯವಿಲ್ಲದವರಿಗೆ ಹೇಳಿ ಮಾಡಿಸಿದ ಹಾಗಿದೆ. ಅಲ್ಲಿನ ಒಳ್ಳೆಯ ಸರಣಿಗಳಲ್ಲಿ ಹೆಚ್ಚಿನವು ಬೇಗ ಮುಗಿಯುತ್ತವೆ. ನಾವೆಲ್ಲ ಚಿಕ್ಕಂದಿನಿಂದ ನೋಡಿಕೊಂಡು ಬಂದ 'ಮಿಸ್ಟರ್ ಬೀನ್' ಇದೆಯಲ್ಲ, ಕಾರ್ಟೂನ್ ಬಿಟ್ಟರೆ ಆ ಮೂಲ ಸರಣಿಯಲ್ಲಿ ಇರುವುದು ಬರೀ 15 ಕಂತು. ಟಿವಿ ಹಾಸ್ಯದ ಮಾತು ಬಂದಾಗಲೆಲ್ಲ ಬ್ರಿಟಿಷರು ಹೆಮ್ಮೆಯಿಂದ ಎತ್ತುವ 'ಫಾಲ್ಟಿ ಟವರ್ಸ್'ನಲ್ಲಿ 12 ಮಾತ್ರ. 1975ರಲ್ಲಿ ಆರು, ನಾಲ್ಕು ವರ್ಷ ಬಿಟ್ಟು 1979ರಲ್ಲಿ ಇನ್ನಾರು, ಅಲ್ಲಿಗೆ ಸಮಾಪ್ತಿ. ಜನ ಇನ್ನೂ ಬೇಕು ಅಂದರೂ ಬರೆದವರು ಒಪ್ಪಲಿಲ್ಲ.

ಕಂತು ಇಷ್ಟು ಕಮ್ಮಿ ಇರುವುದಕ್ಕೆ ಒಂದು ಕಾರಣ ಬರೆಯುವ ರೀತಿ. ಅಮೆರಿಕದ ದೊಡ್ಡ ಚಾನೆಲ್‌ಗಳ ಹಾಸ್ಯ ಸರಣಿಗೆ ಹತ್ತು ಹನ್ನೆರಡು ಬರಹಗಾರರು ಒಂದು ಕೋಣೆಯಲ್ಲಿ ಕೂತು ವರ್ಷಕ್ಕೆ ಇಪ್ಪತ್ತು ಚಿಲ್ಲರೆ ಕಂತು ಬರೆಯುತ್ತಿದ್ದರು. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಒಬ್ಬರು, ತಪ್ಪಿದರೆ ಇಬ್ಬರು. 'ಫಾಲ್ಟಿ ಟವರ್ಸ್' ಬರೆದದ್ದು ಜಾನ್ ಕ್ಲೀಸ್ ಮತ್ತು ಕಾನಿ ಬೂತ್. ಶುರು ಮಾಡಿದಾಗ ಇಬ್ಬರೂ ಗಂಡ ಹೆಂಡತಿ. ಎರಡನೇ ಸೀಸನ್ ಬರುವಷ್ಟರಲ್ಲಿ ಡಿವೋರ್ಸ್ ಆಗಿತ್ತು, ಆದರೂ ಜೊತೆಗೆ ಕೂತು ಬರೆದರು. ಒಂದೊಂದು ಕಂತಿಗೂ ವಾರಗಟ್ಟಲೆ ತಿದ್ದಿದರು. ಹಾಗೆ ಬರೆಯುವವರು ವರ್ಷಕ್ಕೆ ಇಪ್ಪತ್ತು ಕೊಡುವುದು ಆಗದ ಮಾತು.

ಇನ್ನೊಂದು ಕಾರಣ ದುಡ್ಡು. ಬಿಬಿಸಿ ನಡೆಯುವುದು ಮುಖ್ಯವಾಗಿ ಲೈಸೆನ್ಸ್ ಶುಲ್ಕದಿಂದ. ಟಿವಿ ನೋಡುವ ಮನೆಯವರು ವರ್ಷಕ್ಕೊಮ್ಮೆ ಕಟ್ಟಬೇಕು. 2025ರಲ್ಲಿ ಅದು 174 ಪೌಂಡ್ 50 ಪೆನ್ಸ್. ಬ್ರಿಟನ್ನಿನೊಳಗೆ ಬಿಬಿಸಿಯಲ್ಲಿ ಜಾಹೀರಾತಿಲ್ಲ. ಅರ್ಧ ಗಂಟೆಯ ಕಂತು ಅಂದರೆ ಹೆಚ್ಚುಕಡಿಮೆ ಪೂರ್ತಿ ಅರ್ಧ ಗಂಟೆ. ಸೋಪು, ಶಾಂಪೂ ಮಾರುವ ಸಲುವಾಗಿ ಕಥೆಯನ್ನು ಎಳೆಯಬೇಕಾಗಿಲ್ಲ. ಹಾಗಂತ ಅಲ್ಲಿ ಮುಗಿಯದ ಧಾರಾವಾಹಿ ಇಲ್ಲವೇ ಇಲ್ಲ ಅಂದುಕೊಳ್ಳಬೇಡಿ. 'ಕಾರೊನೇಷನ್ ಸ್ಟ್ರೀಟ್' 1960ರ ಡಿಸೆಂಬರ್‌ನಲ್ಲಿ ಶುರುವಾಗಿದ್ದು, ಇನ್ನೂ ನಡೆಯುತ್ತಲೇ ಇದೆ. ನಮ್ಮ ಸಂಜೆ ಧಾರಾವಾಹಿಗಳೆಲ್ಲ ಅದರ ಮುಂದೆ ಎಳೆಕೂಸು. ನಿಮಗೆ ಅದು ಬೇಡ ಬಿಡಿ.

ಹಾಗಾಗಿ ಪಟ್ಟಿ ನೋಡಿ ಆರಿಸುವ ಬದಲು ಬರೆದವರನ್ನು ನೋಡಿ ಆರಿಸಿ. ನಾನು ಮಾಡುವುದೂ ಅದನ್ನೇ.

ಈಗ 'ಯೆಸ್ ಮಿನಿಸ್ಟರ್'. 1980ರಿಂದ 84ರವರೆಗೆ ಬಂತು. ಅದರ ಮುಂದುವರಿಕೆ 'ಯೆಸ್, ಪ್ರೈಮ್ ಮಿನಿಸ್ಟರ್' 1986ರಿಂದ 88ರವರೆಗೆ. ಎರಡೂ ಸೇರಿ 38 ಕಂತು. ಬರೆದವರು ಆಂಟನಿ ಜೇ ಮತ್ತು ಜೊನಾಥನ್ ಲಿನ್. ಇರುವುದು ಮೂರೇ ಮುಖ್ಯ ಪಾತ್ರ. ಹೊಸದಾಗಿ ಮಂತ್ರಿಯಾದ ಜಿಮ್ ಹ್ಯಾಕರ್‌ಗೆ ಏನಾದರೂ ಸಾಧಿಸಬೇಕು, ಅದಕ್ಕಿಂತ ಹೆಚ್ಚಾಗಿ ಪೇಪರಿನಲ್ಲಿ ಫೋಟೋ ಬರಬೇಕು. ಅವರ ಇಲಾಖೆಯ ಕಾರ್ಯದರ್ಶಿ ಸರ್ ಹಂಫ್ರಿ. ಮಂತ್ರಿಗಳು ಬರುತ್ತಾರೆ ಹೋಗುತ್ತಾರೆ, ಇಲಾಖೆ ಮಾತ್ರ ಇದ್ದ ಹಾಗೇ ಇರಬೇಕು ಅನ್ನುವುದು ಅವರ ಧರ್ಮ. ನಡುವೆ ಸಿಕ್ಕಿಬಿದ್ದವನು ಆಪ್ತ ಕಾರ್ಯದರ್ಶಿ ಬರ್ನಾರ್ಡ್.

ಒಂದು ಕಂತಿನಲ್ಲಿ ಹೊಸ ಆಸ್ಪತ್ರೆಯೊಂದಿದೆ. ಆಡಳಿತದ ಮತ್ತು ಇತರ ಸಿಬ್ಬಂದಿ ಸೇರಿ ಸುಮಾರು 500 ಜನ. ರೋಗಿಗಳು ಸೊನ್ನೆ. ಹ್ಯಾಕರ್ ಗಾಬರಿಯಾಗಿ ಕೇಳಿದರೆ ಹಂಫ್ರಿ ತಣ್ಣಗೆ ಸಮರ್ಥಿಸುತ್ತಾರೆ. ಅದು ದೇಶದಲ್ಲೇ ಚೆನ್ನಾಗಿ ನಡೆಯುತ್ತಿರುವ ಆಸ್ಪತ್ರೆಗಳಲ್ಲಿ ಒಂದಂತೆ. ರೋಗಿಗಳೇ ಇಲ್ಲದ ಮೇಲೆ ಕೊಳಕಾಗುವುದು ಎಲ್ಲಿಂದ, ಹಾಗಾಗಿ ಸ್ವಚ್ಛತೆಯ ಪ್ರಶಸ್ತಿಗೂ ಅದರ ಹೆಸರಿದೆ. ಅಲ್ಲಿನ ನೌಕರರ ಸಂಘದ ಮುಖಂಡ ಬೇರೆ ಹೋರಾಟಕ್ಕೆ ನಿಲ್ಲುತ್ತಾನೆ. ನಗುತ್ತಾ ನಗುತ್ತಾ ನಿಮಗೆ ಗೊತ್ತಿರುವ ನಾಲ್ಕಾರು ಕಚೇರಿಗಳು ಕಣ್ಣ ಮುಂದೆ ಬರದಿದ್ದರೆ ಹೇಳಿ.

ಮಂತ್ರಿಯನ್ನು ಹೆದರಿಸಲು ಹಂಫ್ರಿ ಬಳಿ ಒಂದು ಉಪಾಯವಿದೆ. 'ಇದು ತುಂಬಾ ಧೈರ್ಯದ ನಿರ್ಧಾರ ಸರ್' ಅಂದುಬಿಟ್ಟರೆ ಸಾಕು, ಹ್ಯಾಕರ್ ಬೆವರುತ್ತಾರೆ. ಯಾಕೆಂದರೆ ವಿವಾದದ ನಿರ್ಧಾರದಿಂದ ಹೋಗುವುದು ಒಂದಷ್ಟು ಓಟು. ಧೈರ್ಯದ ನಿರ್ಧಾರದಿಂದ ಚುನಾವಣೆಯೇ ಹೋಗುತ್ತದೆ. ವಿಧಾನಸೌಧದ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಅಂತ ಬರೆದಿದೆಯಲ್ಲ, ಹಂಫ್ರಿ ಅದನ್ನು ನೋಡಿದ್ದರೆ ದೇವರಿಗೆ ಅವಸರವಿಲ್ಲ ಅಂತ ಒಂದು ಟಿಪ್ಪಣಿ ಸೇರಿಸುತ್ತಿದ್ದರೇನೋ.

ಇನ್ನೊಂದು ಜಾಣತನ ಗಮನಿಸಿ. ಹ್ಯಾಕರ್ ಯಾವ ಪಕ್ಷದವರು ಅಂತ ಸರಣಿ ಎಲ್ಲೂ ಹೇಳುವುದಿಲ್ಲ. ಹಾಗಾಗಿ ಅದು ಹಳತಾಗಲಿಲ್ಲ. ಆಗಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್‌ಗೆ ಇದು ತುಂಬಾ ಇಷ್ಟದ ಸರಣಿ. ನಮ್ಮಲ್ಲೂ 2001ರಲ್ಲಿ ಫಾರೂಕ್ ಶೇಖ್ ಮಂತ್ರಿಯಾಗಿ ಹಿಂದಿಯಲ್ಲಿ 'ಜೀ ಮಂತ್ರೀಜಿ' ಅಂತ ಬಂತು. ಕಥೆಗಳಲ್ಲಿ ಬದಲಿಸಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಬ್ರಿಟಿಷರು ನಮಗೆ ಬಿಟ್ಟುಹೋದ ಕಡತಗಳ ಸಂಸ್ಕೃತಿಯ ತವರುಮನೆ ಕಥೆ ಇದು. ನಿಮ್ಮ ಮೊದಲ ಸರಣಿ ಇದೇ ಆಗಲಿ ಅಂದದ್ದು ಅದಕ್ಕೇ. ಒಂದೇ ತೊಂದರೆ, ಹಂಫ್ರಿ ಮಾತು. ಒಂದೇ ಉಸಿರಿನಲ್ಲಿ ಅರ್ಧ ಪುಟದ ವಾಕ್ಯ ಹೇಳುತ್ತಾರೆ. ಅರ್ಥವಾಗದಿದ್ದರೆ ಬೇಜಾರಾಗಬೇಡಿ, ಹ್ಯಾಕರ್‌ಗೂ ಅರ್ಥವಾಗುವುದಿಲ್ಲ. ತಮಾಷೆ ಇರುವುದೇ ಅಲ್ಲಿ.

ಇದಾದ ಮೇಲೆ 'ಫಾಲ್ಟಿ ಟವರ್ಸ್'. ಕಡಲತೀರದ ಟಾರ್ಕೀ ಊರಿನ ಒಂದು ಹೋಟೆಲು. ಗಿರಾಕಿಗಳನ್ನು ಕಂಡರೇ ಆಗದ ಮಾಲೀಕ. ಒಂದು ಸಣ್ಣ ಸುಳ್ಳು ಹೇಳುತ್ತಾನೆ, ಅದನ್ನು ಮುಚ್ಚಲು ಇನ್ನೊಂದು, ಕೊನೆಗೆ ಇಡೀ ಹೋಟೆಲ್ ತಲೆಕೆಳಗು. ಸ್ಪೇನಿನಿಂದ ಬಂದ ಬಡಪಾಯಿ ಮಾಣಿ ಮ್ಯಾನುಯೆಲ್‌ಗೆ ಬೀಳುವ ಏಟುಗಳು ಈಗ ನೋಡಿದರೆ ಸ್ವಲ್ಪ ಅತಿ ಅನಿಸುತ್ತವೆ. ಉಳಿದಂತೆ ಗಡಿಯಾರದ ಹಾಗೆ ಜೋಡಿಸಿದ ಹಾಸ್ಯ.

'ದಿ ಆಫೀಸ್'ನ ಅಮೆರಿಕನ್ ಅವತಾರ ನೀವು ನೋಡಿರುತ್ತೀರಿ. ಮೂಲ ಬ್ರಿಟಿಷ್ ಸರಣಿ 2001ರದ್ದು. ಸ್ಲೌ ಅನ್ನುವ ಊರಿನ ಕಾಗದದ ಕಂಪನಿ. ಎರಡು ಸೀಸನ್, ಎರಡು ಭಾಗದ ಒಂದು ಕ್ರಿಸ್‌ಮಸ್ ವಿಶೇಷ, 2003ಕ್ಕೆ ಮುಗಿಯಿತು. ಅಮೆರಿಕದವರು ಅದನ್ನೇ ಒಂಬತ್ತು ಸೀಸನ್ ಓಡಿಸಿದರು. ಅಮೆರಿಕದ ಬಾಸ್‌ನನ್ನು ಕೊನೆಗೆ ಪ್ರೀತಿಸಬಹುದು. ಇಲ್ಲಿನ ಡೇವಿಡ್ ಬ್ರೆಂಟ್‌ನನ್ನು ನೋಡಿದರೆ ಮುಜುಗರದಿಂದ ಸೋಫಾದ ಹಿಂದೆ ಅಡಗಿಕೊಳ್ಳಬೇಕು ಅನಿಸುತ್ತದೆ. ಎಲ್ಲರಿಗೂ ಹಿಡಿಸುವುದಿಲ್ಲ. ಎರಡು ಕಂತು ನೋಡಿ, ಆಗದಿದ್ದರೆ ಬಿಡಿ.

ಅದರಲ್ಲಿ ಬ್ರೆಂಟ್‌ನ ಹಿಂದೆ ಮುಂದೆ ಸುಳಿಯುವ ಗ್ಯಾರೆತ್ ಆಗಿದ್ದ ಮೆಕೆಂಜಿ ಕ್ರೂಕ್ ಆಮೇಲೆ ತಾನೇ ಬರೆದು ನಿರ್ದೇಶಿಸಿದ ಸರಣಿ 'ಡಿಟೆಕ್ಟರಿಸ್ಟ್ಸ್'. 2014ರಲ್ಲಿ ಬಂತು. ಇಬ್ಬರು ಗೆಳೆಯರು ಮೆಟಲ್ ಡಿಟೆಕ್ಟರ್ ಹಿಡಿದು ಹೊಲಗಳಲ್ಲಿ ಹಳೇ ಕಾಲದ ಚಿನ್ನ ಹುಡುಕುತ್ತಾರೆ. ಸಿಗುವುದು ಡಬ್ಬಿಯ ಮುಚ್ಚಳ, ಗುಂಡಿ, ತುಕ್ಕು ಹಿಡಿದ ಕಬ್ಬಿಣ. ಸುಮ್ನೆ ಹೊಲದ ಬದುವಿನಲ್ಲಿ ಕೂತು ಟೀ ಕುಡಿಯುತ್ತಾ ನಿನ್ನೆ ಟಿವಿಯಲ್ಲಿ ಬಂದ ಕ್ವಿಜ್ ಬಗ್ಗೆ ಮಾತಾಡುತ್ತಾರೆ. ಅಷ್ಟೇ. ಏನೂ ಆಗುವುದಿಲ್ಲ ಅಂತ ಅನಿಸುವಾಗಲೇ ಅವರ ಗೆಳೆತನ ನಿಮ್ಮದಾಗಿರುತ್ತದೆ. ಆಫೀಸಿನಿಂದ ತಲೆ ಬಿಸಿ ಮಾಡಿಕೊಂಡು ಬಂದ ರಾತ್ರಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಆ ಇಬ್ಬರಲ್ಲಿ ಇನ್ನೊಬ್ಬ ಟೋಬಿ ಜೋನ್ಸ್. 2024ರ ಜನವರಿ ಮೊದಲ ವಾರದಲ್ಲಿ ಅದೇ ನಟ 'ಮಿಸ್ಟರ್ ಬೇಟ್ಸ್ ವರ್ಸಸ್ ದಿ ಪೋಸ್ಟ್ ಆಫೀಸ್'ನಲ್ಲಿ ಬಂದರು. ನಾಲ್ಕೇ ಕಂತು, ಬರೆದವರು ಗ್ವಿನೆತ್ ಹ್ಯೂಸ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು.

ಬ್ರಿಟನ್ನಿನ ಸಣ್ಣ ಊರುಗಳಲ್ಲಿ ಅಂಚೆ ಕಚೇರಿಯನ್ನು ನಡೆಸುವವರು ಹೆಚ್ಚಾಗಿ ಅಂಗಡಿ ಇಟ್ಟುಕೊಂಡ ಸಾಮಾನ್ಯ ಜನ. ಅವರಲ್ಲಿ ಭಾರತೀಯ ಮೂಲದವರೂ ಸಾಕಷ್ಟಿದ್ದಾರೆ. 1999ರಿಂದ ಆ ಕಚೇರಿಗಳಿಗೆಲ್ಲ 'ಹೊರೈಜನ್' ಅನ್ನುವ ಕಂಪ್ಯೂಟರ್ ವ್ಯವಸ್ಥೆ ಬಂತು. ಸಂಜೆ ಲೆಕ್ಕ ಹಾಕಿದರೆ ದುಡ್ಡು ಕಮ್ಮಿ ತೋರಿಸುತ್ತಿತ್ತು. ತಪ್ಪು ಸಾಫ್ಟ್‌ವೇರಿನದು. ಆದರೆ ಅಂಚೆ ಸಂಸ್ಥೆ ಕೇಳಲಿಲ್ಲ. 'ನಿಮ್ಮೊಬ್ಬರಿಗೇ ಹೀಗಾಗಿದೆ' ಅಂತ ಒಬ್ಬೊಬ್ಬರಿಗೂ ಹೇಳಿದರು. ಜನ ಸ್ವಂತ ದುಡ್ಡು ತುಂಬಿದರು, ಮನೆ ಅಡವಿಟ್ಟರು, ಜೈಲಿಗೂ ಹೋದರು. ಹದಿನಾರು ವರ್ಷಗಳ ಅವಧಿಯಲ್ಲಿ ಶಿಕ್ಷೆಯಾದವರು 900ಕ್ಕೂ ಹೆಚ್ಚು. ಸರಣಿಯಲ್ಲಿ ಒಂದು ದೃಶ್ಯವಿದೆ. ಹಳ್ಳಿಯ ಅಂಗಡಿಯ ಹೆಂಗಸು ಸಹಾಯವಾಣಿಗೆ ಫೋನ್ ಮಾಡಿ ಅವರು ಹೇಳಿದ ಬಟನ್ ಒತ್ತುತ್ತಾಳೆ. ಕಮ್ಮಿ ಬಿದ್ದ ಮೊತ್ತ ಅವಳ ಕಣ್ಣೆದುರೇ ಎರಡರಷ್ಟಾಗುತ್ತದೆ.

ಇದೆಲ್ಲ ಪತ್ರಿಕೆಗಳಲ್ಲಿ ಬಂದಿತ್ತು. 2019ರಲ್ಲಿ ಕೋರ್ಟ್ ಕೂಡ ಹೊರೈಜನ್‌ನಲ್ಲಿ ದೋಷವಿದೆ ಅಂದಿತ್ತು. ದೇಶಕ್ಕೆ ಸಿಟ್ಟು ಬಂದದ್ದು ಮಾತ್ರ ನಾಲ್ಕು ರಾತ್ರಿ ಟಿವಿಯಲ್ಲಿ ಈ ಕಥೆ ನೋಡಿದ ಮೇಲೆ. ಅಂಚೆ ಸಂಸ್ಥೆಯ ಹಿಂದಿನ ಮುಖ್ಯಸ್ಥೆ ತಮಗೆ ಕೊಟ್ಟಿದ್ದ ಗೌರವವನ್ನು ವಾಪಸ್ ಕೊಡುವುದಾಗಿ ಹೇಳಿದರು. 2024ರ ಮೇ ತಿಂಗಳಲ್ಲಿ ಸಂಸತ್ತು ಕಾನೂನು ಮಾಡಿ ನೂರಾರು ಜನರ ಶಿಕ್ಷೆಯನ್ನು ಒಂದೇ ಏಟಿಗೆ ರದ್ದು ಮಾಡಿತು. ಒಂದು ಟಿವಿ ಸರಣಿಯಿಂದ ಇಷ್ಟಾಗುವುದು ಅಪರೂಪ, ಅಲ್ವಾ? ಹಾಸ್ಯ ಬೇಡ ಅನ್ನುವವರು ಇದರಿಂದಲೇ ಶುರು ಮಾಡಬಹುದು. 'ಯೆಸ್ ಮಿನಿಸ್ಟರ್' ನೋಡಿದ ಮೇಲೆ ಇದನ್ನು ನೋಡಿದರೆ ಮಾತ್ರ ಹಂಫ್ರಿಯ ನಗು ಅಷ್ಟು ಹಗುರ ಅನಿಸುವುದಿಲ್ಲ.

ಪೊಲೀಸ್ ಕಥೆ ಇಷ್ಟವಾದರೆ 'ಹ್ಯಾಪಿ ವ್ಯಾಲಿ'. ಸ್ಯಾಲಿ ವೇನ್‌ರೈಟ್ ಬರೆದದ್ದು, ಮೂರು ಸೀಸನ್, 18 ಕಂತು. ಯಾರ್ಕ್‌ಷೈರ್‌ನ ಒಂದು ಕಣಿವೆಯ ಊರುಗಳು, ಅಲ್ಲಿನ ಸಾರ್ಜೆಂಟ್ ಕ್ಯಾಥರೀನ್. ಮೊದಲ ದೃಶ್ಯದಲ್ಲೇ ಬೆಂಕಿ ಹಚ್ಚಿಕೊಳ್ಳುತ್ತೇನೆ ಅಂತ ನಿಂತ ಹುಡುಗನನ್ನು ಸಮಾಧಾನ ಮಾಡುತ್ತಾ ತನ್ನ ಪರಿಚಯ ಹೇಳಿಕೊಳ್ಳುತ್ತಾಳೆ. ವಯಸ್ಸು 47, ಡಿವೋರ್ಸ್ ಆಗಿದೆ, ಮಕ್ಕಳಿಬ್ಬರಲ್ಲಿ ಒಬ್ಬಳು ಸತ್ತಿದ್ದಾಳೆ, ಇನ್ನೊಬ್ಬ ಮಾತಾಡಿಸುವುದಿಲ್ಲ, ಒಬ್ಬ ಮೊಮ್ಮಗ ಇದ್ದಾನೆ. ಅರ್ಧ ನಿಮಿಷದಲ್ಲಿ ಇಡೀ ಸರಣಿಯ ಬೀಜ. ಎರಡನೇ ಸೀಸನ್ 2016ರಲ್ಲಿ, ಮೂರನೆಯದು 2023ರಲ್ಲಿ. ಮೊಮ್ಮಗನ ಪಾತ್ರದ ಹುಡುಗ ನಿಜವಾಗಿ ಬೆಳೆದು ದೊಡ್ಡವನಾಗಲಿ ಅಂತ ಏಳು ವರ್ಷ ಕಾದರು. ಹಿಂಸೆ ಇದೆ, ಮಕ್ಕಳ ಜೊತೆ ಕೂತು ನೋಡುವಂಥದ್ದಲ್ಲ.

'ಅಡಾಲಸೆನ್ಸ್' ಬಗ್ಗೆ ನೀವು ಕೇಳಿಯೇ ಇರುತ್ತೀರಿ. 2025ರ ನೆಟ್‌ಫ್ಲಿಕ್ಸ್ ಸರಣಿ, ನಾಲ್ಕು ಕಂತು, ಒಂದೊಂದೂ ಕಟ್ ಇಲ್ಲದ ಒಂದೇ ಶಾಟ್. ಜ್ಯಾಕ್ ಥಾರ್ನ್ ಮತ್ತು ಸ್ಟೀಫನ್ ಗ್ರಹಾಂ ಬರೆದದ್ದು. ಹದಿಮೂರರ ಹುಡುಗನ ಮೇಲೆ ಕೊಲೆ ಆರೋಪ. ಹುಡುಗ ಮತ್ತು ಮನಶ್ಶಾಸ್ತ್ರಜ್ಞೆ ಒಂದೇ ಕೋಣೆಯಲ್ಲಿ ಕೂತಿರುವ ಮೂರನೇ ಕಂತಿಗಾಗಿಯಾದರೂ ನೋಡಿ. ಹುಡುಗನಾಗಿ ನಟಿಸಿದ ಓವನ್ ಕೂಪರ್‌ಗೆ ಅದು ಮೊದಲ ಕೆಲಸ, 15ನೇ ವಯಸ್ಸಿಗೇ ಎಮ್ಮಿ ಪ್ರಶಸ್ತಿ ಬಂತು.

ಯಾವುದನ್ನು ಬಿಡಲಿ ಅಂತಲೂ ಕೇಳಿದ್ದೀರಿ. 'ಶರ್ಲಾಕ್' ಮೊದಲ ಎರಡು ಸೀಸನ್, ಅಂದರೆ ಆರು ಕಂತು ನೋಡಿ ನಿಲ್ಲಿಸಿ. ಮುಂದೆ ಪತ್ತೇದಾರಿ ಕಮ್ಮಿ, ಆಡಂಬರ ಜಾಸ್ತಿ. ರಾಜಮನೆತನದ ಕಥೆಗಳು ಚೆಂದವೇ, ಆದರೆ ಉದ್ದ, ರಜೆಗೆ ಇಟ್ಟುಕೊಳ್ಳಿ. ಭಾರತದಲ್ಲಿ ಬಹಳ ಜನ ನೆನೆಸಿಕೊಳ್ಳುವ 'ಮೈಂಡ್ ಯುವರ್ ಲ್ಯಾಂಗ್ವೇಜ್' ನನ್ನ ಪಟ್ಟಿಯಲ್ಲಿಲ್ಲ. ಪರದೇಶದವರು ಇಂಗ್ಲಿಷ್ ತಪ್ಪಾಗಿ ಮಾತಾಡುವುದೇ ಅದರ ಇಡೀ ಹಾಸ್ಯ, ನಾಲ್ಕು ಕಂತಿಗೆ ಸಾಕೆನಿಸುತ್ತದೆ. ಅದರ ಬದಲು 1998ರಲ್ಲಿ ಶುರುವಾದ 'ಗುಡ್‌ನೆಸ್ ಗ್ರೇಷಿಯಸ್ ಮಿ' ಹುಡುಕಿ. ಬ್ರಿಟನ್ನಿನಲ್ಲಿ ನೆಲೆಸಿದ ಭಾರತೀಯ ಮೂಲದವರೇ ಹೆಚ್ಚಾಗಿ ಬರೆದು ನಟಿಸಿದ ತುಣುಕುಗಳು. ಶುಕ್ರವಾರ ರಾತ್ರಿ ಕುಡಿದು ಇಂಡಿಯನ್ ಹೋಟೆಲಿಗೆ ನುಗ್ಗುವ ಇಂಗ್ಲಿಷರನ್ನು ಅದರಲ್ಲಿ ತಿರುಗಿಸಿ ಹಾಕಿದ್ದಾರೆ. ಮುಂಬೈನ ಗೆಳೆಯರ ಗುಂಪು ಇಂಗ್ಲಿಷ್ ಹೋಟೆಲಿಗೆ ಹೋಗಿ, ಮೆನುವಿನಲ್ಲಿ ಅತ್ಯಂತ ಸಪ್ಪೆ ಯಾವುದಿದೆಯೋ ಅದನ್ನೇ ಕೊಡು ಅಂತ ಮಾಣಿಯನ್ನು ಗೋಳು ಹೊಯ್ದುಕೊಳ್ಳುತ್ತದೆ.

ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ, ನಾಚಿಕೆ ಬೇಡ. ಯಾರ್ಕ್‌ಷೈರ್‌ನವರ ಮಾತು ಲಂಡನ್ನಿನವರಿಗೇ ಕೆಲವು ಸಲ ಹಿಡಿತಕ್ಕೆ ಸಿಗುವುದಿಲ್ಲ. ಹಳೆಯ ಸರಣಿಗಳು ಇವತ್ತು ಒಂದು ಓಟಿಟಿಯಲ್ಲಿದ್ದರೆ ಆರು ತಿಂಗಳಿಗೆ ಇನ್ನೊಂದರಲ್ಲಿ ಇರುತ್ತವೆ. ಹಾಗಾಗಿ ವರ್ಷದ ಚಂದಾ ಕಟ್ಟುವ ಮೊದಲು ಬೇಕಾದದ್ದು ಅದರಲ್ಲಿ ಇದೆಯಾ ಅಂತ ಹೆಸರು ಹಾಕಿ ಹುಡುಕಿ ನೋಡಿ.

ಮನೆಮಂದಿಯೆಲ್ಲ ಸೇರಿ ನೋಡುವುದಾದರೆ ಡೇವಿಡ್ ಆಟೆನ್‌ಬರೋ ದನಿ ಕೊಟ್ಟ ವನ್ಯಜೀವಿ ಸರಣಿಗಳು. 'ಪ್ಲಾನೆಟ್ ಅರ್ಥ್ 2'ರಲ್ಲಿ ಗಲಾಪಗೋಸ್‌ನ ಆಗತಾನೆ ಹುಟ್ಟಿದ ಇಗ್ವಾನಾ ಮರಿ ಹಾವುಗಳ ಹಿಂಡಿನಿಂದ ತಪ್ಪಿಸಿಕೊಂಡು ಓಡುವುದನ್ನು ನೋಡಿ, ಉಸಿರು ಬಿಗಿ ಹಿಡಿಯದೆ ಇರುವವರು ಯಾರೂ ಇಲ್ಲ. ಇಂಗ್ಲಿಷ್ ಬೇಡ ಅನ್ನುವ ಹಿರಿಯರಿದ್ದರೆ ನಮ್ಮವರೇ ಮಾಡಿದ 'ವೈಲ್ಡ್ ಕರ್ನಾಟಕ' ಹಾಕಿ. ಇಂಗ್ಲಿಷ್‌ನಲ್ಲಿ ಅದಕ್ಕೆ ದನಿ ಕೊಟ್ಟವರು ಇದೇ ಆಟೆನ್‌ಬರೋ, ಕನ್ನಡದಲ್ಲಿ ರಿಷಬ್ ಶೆಟ್ಟಿ.