ಬೆರಳು ಎಷ್ಟು ಮಡಚಿದರೆ ವಾಸಿಯಾದ ಹಾಗೆ?

ಚಾಕು ಜಾರಿ ಬೆರಳು ಮಡಚುವ ಟೆಂಡನ್ (ಸ್ನಾಯುವನ್ನು ಎಲುಬಿಗೆ ಜೋಡಿಸುವ ಹುರಿ) ತುಂಡಾಯಿತು. ಡಾಕ್ಟರು ಹೊಲಿದರು, ಫಿಸಿಯೋಥೆರಪಿಯೂ ಮುಗಿಯಿತು. ಬೆರಳು ಸುಮಾರಾಗಿ ಮಡಚುತ್ತದೆ. ಇದು ಒಳ್ಳೆಯ ಫಲಿತಾಂಶವೋ, ಸಾಧಾರಣವೋ? ಅದು ಯಾವ ಅಳತೆ ಹಿಡಿದಿದ್ದಾರೆ ಅನ್ನುವುದರ ಮೇಲಿದೆ.

ಅಂಗೈ ಗೆರೆಯಿಂದ ಬೆರಳಿನ ನಡುವಿನವರೆಗಿನ ಜಾಗಕ್ಕೆ ಅಮೆರಿಕದ ಸರ್ಜನ್ ಸ್ಟರ್ಲಿಂಗ್ ಬನೆಲ್ ‘ನೋ ಮ್ಯಾನ್ಸ್ ಲ್ಯಾಂಡ್’ ಎಂದು ಹೆಸರಿಟ್ಟಿದ್ದರು. ಅಲ್ಲಿ ಹೊಲಿದ ಟೆಂಡನ್ ಸುತ್ತಲಿನ ಕೊಳವೆಗೆ ಅಂಟಿಕೊಳ್ಳುತ್ತಿತ್ತು. ಹಾಗಾಗಿ ಮೊದಲು ಗಾಯ ಮಾಯಲಿ, ಆಮೇಲೆ ಬೇರೆ ಟೆಂಡನ್ ತಂದು ಕಸಿ ಮಾಡೋಣ ಎನ್ನುತ್ತಿದ್ದರು. 1950ರಲ್ಲಿ ಸರ್ಜನ್ ಜೋಸೆಫ್ ಬಾಯ್ಸ್ ಇಂಥ ಕಸಿಗಳನ್ನು ಅಳೆದದ್ದು ಸರಳವಾಗಿ: ಮಡಚಿದ ಬೆರಳ ತುದಿ ಅಂಗೈ ಗೆರೆಯಿಂದ ಎಷ್ಟು ದೂರ ನಿಲ್ಲುತ್ತದೆ? ಒಂದು ಸ್ಕೇಲ್ ಸಾಕು. ಆದರೆ ಬೆರಳು ನೆಟ್ಟಗಾಗುತ್ತದೋ ಇಲ್ಲವೋ ಅದರಲ್ಲಿ ತಿಳಿಯುವುದಿಲ್ಲ.

1967ರಲ್ಲಿ ಅಮೆರಿಕದ ಲೂಯಿವಿಲ್ ಊರಿನ ಸರ್ಜನ್ ಹೆರಾಲ್ಡ್ ಕ್ಲೈನರ್ಟ್ ಮತ್ತು ಜೊತೆಯವರು ಅದೇ ಜಾಗದಲ್ಲಿ ಮೊದಲೇ ಹೊಲಿದು, ರಬ್ಬರ್ ಬ್ಯಾಂಡ್ ಕಟ್ಟಿ ಬೆರಳಾಡಿಸಿ, ಒಳ್ಳೆಯ ಫಲಿತಾಂಶ ತೋರಿಸಿದರು. ಎಷ್ಟೋ ಸರ್ಜನ್‌ಗಳು ನಂಬಲಿಲ್ಲ. ವಾದ ಶುರುವಾದ ಮೇಲೆ ಎಲ್ಲರೂ ಒಪ್ಪುವ ಅಳತೆ ಬೇಕಲ್ವಾ?

1980ರಲ್ಲಿ ಸ್ಟ್ರಿಕ್‌ಲ್ಯಾಂಡ್ ಮತ್ತು ಗ್ಲೊಗೊವಾಕ್ ಒಂದು ಲೆಕ್ಕ ಕೊಟ್ಟರು. ಬೆರಳಿನ ನಡುಗಂಟು ಮತ್ತು ತುದಿಗಂಟು ಮಡಚುವ ಡಿಗ್ರಿ ಕೂಡಿಸಿ, ನೆಟ್ಟಗಾಗಲು ಎಷ್ಟು ಕಡಿಮೆ ಬಿತ್ತೋ ಅಷ್ಟು ಕಳೆಯಿರಿ. ಗಾಯವಿಲ್ಲದ ಬೆರಳಿನ ಮೊತ್ತ ಎಂದು ಹಿಡಿದ 175ರಿಂದ ಭಾಗಿಸಿ ಶೇಕಡಾ ಮಾಡಿ. ಬುಡದ ಗಂಟನ್ನು ಬಿಟ್ಟರು, ಅಂಗೈಯ ಚಿಕ್ಕ ಸ್ನಾಯುಗಳೂ ಅದನ್ನು ಮಡಚುತ್ತವಲ್ಲ. ನಡುಗಂಟು 85, ತುದಿಗಂಟು 40, ಕೊರತೆ 15 ಎಂದಿಟ್ಟುಕೊಳ್ಳಿ. ಉಳಿದದ್ದು 110, ಅಂದರೆ ಸುಮಾರು ಶೇ 63. ಈ ಶೇಕಡಾ ನೋಡಿ ದರ್ಜೆ ಕೊಡುವ 1980ರ ಪಟ್ಟಿಯಲ್ಲಿ ಶೇ 50 ದಾಟಿ 70 ಮುಟ್ಟದಿದ್ದರೆ ‘ಸಾಧಾರಣ’. 1985ರಲ್ಲಿ ಸ್ಟ್ರಿಕ್‌ಲ್ಯಾಂಡ್ ಪಟ್ಟಿ ಸಡಿಲಿಸಿದರು. ಶೇ 50 ದಾಟಿದರೆ ‘ಒಳ್ಳೆಯದು’. ಬೆರಳು ಒಂದಿಷ್ಟೂ ಜಾಸ್ತಿ ಮಡಚಲಿಲ್ಲ, ಪಾಸ್ ಆಯಿತು! ಯಾವ ಪಟ್ಟಿ ಎಂದು ಹೇಳದೆ ಸುಮ್ನೆ ‘ಒಳ್ಳೆಯ ಫಲಿತಾಂಶ’ ಎಂದು ಬರೆದ ವರದಿಯನ್ನು ನಾನಂತೂ ಅರ್ಧವೇ ನಂಬುತ್ತೇನೆ.

ಇನ್ನು ಡಿಗ್ರಿಯಿಂದ ಹೊಟ್ಟೆ ತುಂಬುವುದಿಲ್ಲ. 1996ರಲ್ಲಿ ಬಂದ ‘ಡ್ಯಾಶ್’ ಎಂಬ 30 ಪ್ರಶ್ನೆಗಳ ಪಟ್ಟಿ ರೋಗಿಯನ್ನೇ ಕೇಳಿತು: ಬಿಗಿಯಾದ ಮುಚ್ಚಳ ತೆಗೆಯಬಲ್ಲಿರಾ, ಬೀಗದ ಕೈ ತಿರುಗಿಸಬಲ್ಲಿರಾ, ಚಾಕುವಿನಿಂದ ಊಟದ ಪದಾರ್ಥ ಕತ್ತರಿಸಬಲ್ಲಿರಾ? ಅನ್ನ ಸಾರು ಕಲಸಿ ಉಣ್ಣುವ ನಮಗೆ ಈ ಕೊನೆಯದು ಅಷ್ಟು ಹೊಂದುವುದಿಲ್ಲ. ದೊಡ್ಡ ತೊಡಕು ಬೇರೆಯೇ ಇದೆ. ಯಾವ ಕೈಯಿಂದ ಮಾಡಿದರೂ ಡ್ಯಾಶ್‌ಗೆ ನಡೆಯುತ್ತದೆ. ಬಲಗೈ ಬೆರಳು ಸೆಟೆದಿದ್ದರೂ ಎಡಗೈ ಕೆಲಸ ಮುಗಿಸಿದರೆ ಅಂಕ ಚೆನ್ನಾಗಿಯೇ ಬರಬಹುದು. 1998ರ ಮಿಷಿಗನ್ ಪ್ರಶ್ನಾವಳಿ ಎಡಗೈ, ಬಲಗೈಗಳನ್ನು ಬೇರೆಬೇರೆಯಾಗಿ ಕೇಳುತ್ತದೆ. ಕೈ ನೋಡಲು ಹೇಗಿದೆ, ಅದರ ಬಗ್ಗೆ ನಿಮಗೆ ಸಮಾಧಾನವಿದೆಯೇ ಎಂದೂ ಕೇಳುತ್ತದೆ.